ಗಣಕಯಂತ್ರದ ಆರಂಭ ವಿಳಂಬ: ಮೂಲ ಪತ್ತೆ ಮಾಡುವ ಕ್ರಮ

ಎಣ್ಣೆ ನಗರವೆಂದು ಹೆಸರಾದ ಚಳ್ಳಕೆರೆಯ ಶೇಂಗಾ ಮತ್ತು ಎಣ್ಣೆ ವಹಿವಾಟಾಗಲಿ, ಭೌಗೋಳಿಕ ಸೂಚಿಯ ಮಾನ್ಯತೆ ಗಳಿಸಿದ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ವ್ಯಾಪಾರವಾಗಲಿ, ಇಂದು ಗಣಕಯಂತ್ರದ ನೆರವಿಲ್ಲದೆ ನಡೆಯುವುದು ಕಷ್ಟ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ವಿವರಪಟ್ಟಿಗಳೆಲ್ಲ ಅಂತರಜಾಲದ ಮೂಲಕವೇ ಸಲ್ಲಿಕೆಯಾಗುತ್ತಿವೆ. 2018ರ ಏಪ್ರಿಲ್ 1ರಿಂದ, ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕು ಹೊರಡುವ ಮುನ್ನವೇ ಇ-ವೇ ಬಿಲ್ ಸಿದ್ಧವಾಗಿರಬೇಕು. ಆದುದರಿಂದ ಬೆಳಗ್ಗೆ ಅಂಗಡಿಯ ಬಾಗಿಲು ತೆರೆದಷ್ಟೇ ಸಲೀಸಾಗಿ ಗಣಕಯಂತ್ರವೂ ತೆರೆಯಬೇಕೆಂಬುದು ವರ್ತಕರ ನ್ಯಾಯವಾದ ಅಪೇಕ್ಷೆ.

ಆದರೆ ಅನೇಕ ಕಚೇರಿಗಳಲ್ಲಿ ಗುಂಡಿ ಒತ್ತಿದ ಮೇಲೆ ಪರದೆ ಮೂಡಲು ಐದು ನಿಮಿಷ, ಪರದೆ ಮೂಡಿದ ಮೇಲೆ ಲೆಕ್ಕಪತ್ರದ ತಂತ್ರಾಂಶ ತೆರೆಯಲು ಇನ್ನೈದು ನಿಮಿಷ ಹಿಡಿಯುತ್ತದೆ. ಸರಕು ತುಂಬಿದ ಲಾರಿ ಗಿರಣಿಯ ಬಾಗಿಲಲ್ಲಿ ಕಾದು ನಿಲ್ಲುತ್ತದೆ. ತಿಂಗಳ ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ ಮರುತಿಂಗಳ 11, ಜಿಎಸ್‌ಟಿಆರ್-3ಬಿಯದು 20. ಆ ದಿನಗಳಲ್ಲಿ ಯಂತ್ರ ಕೈಕೊಟ್ಟರೆ ತಡಶುಲ್ಕದ ಹೊರೆ ತಪ್ಪಿದ್ದಲ್ಲ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ: ಒಂದು, "ಫಾರ್ಮ್ಯಾಟ್ ಮಾಡಿಸಿ", ಇನ್ನೊಂದು, "ಹೊಸದನ್ನು ಕೊಳ್ಳಿ". ಎರಡೂ ರೋಗ ತಿಳಿಯುವ ಮೊದಲೇ ಕೊಡುವ ಔಷಧಗಳು. ವಿಳಂಬ ಎಲ್ಲಿ ಸಂಭವಿಸುತ್ತಿದೆ ಎಂಬುದನ್ನು ಮೊದಲು ಅಳೆದು ನೋಡಿದರೆ, ಹಲವು ವೇಳೆ ಖರ್ಚಿಲ್ಲದೆ ಅಥವಾ ಅಲ್ಪ ಖರ್ಚಿನಲ್ಲಿ ಪರಿಹಾರ ಸಾಧ್ಯ.

ಮೊದಲ ಕೆಲಸ: ಲೆಕ್ಕಪತ್ರದ ನಕಲು

ವಿಳಂಬವು ಕೆಲವೊಮ್ಮೆ ಕೇವಲ ಬೇಸರದ ಸಂಗತಿಯಲ್ಲ. ಹಾರ್ಡ್ ಡಿಸ್ಕ್ ಸಾಯುತ್ತಿರುವುದರ ಮುನ್ಸೂಚನೆಯೂ ಆಗಿರಬಹುದು. ಡಿಸ್ಕಿನ ಯಾವುದೋ ಭಾಗ ಕೆಟ್ಟಾಗ ಯಂತ್ರವು ಅದೇ ಕಡತವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಹೊರಗಿನಿಂದ ನೋಡುವವರಿಗೆ ಅದು ನಿಧಾನವೆಂದಷ್ಟೇ ಕಾಣುತ್ತದೆ. ಈ ಸ್ಥಿತಿಯಲ್ಲಿ ದುರಸ್ತಿಗೆ ಕೈಹಾಕಿದರೆ, ಅರೆಜೀವದ ಡಿಸ್ಕ್ ಪೂರ್ತಿ ನಿಂತುಹೋಗುವ ಸಂಭವವುಂಟು. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಕಾಪಾಡಬೇಕು. ಕಾಗದದ ಖಾತೆಪುಸ್ತಕವೇ ಇಲ್ಲದ ಕಚೇರಿಯಲ್ಲಿ ಡಿಸ್ಕ್ ಹೋಯಿತೆಂದರೆ ಬಾಕಿದಾರರ ಪಟ್ಟಿಯೂ ಹೋಯಿತು, ಕಾನೂನಿನ ಆಧಾರವೂ ಹೋಯಿತು.

ಆದುದರಿಂದ ಯಾವ ಪರೀಕ್ಷೆಗೂ ಮುನ್ನ ನಕಲು ಮಾಡಿಕೊಳ್ಳುವುದು ಅಗತ್ಯ. ಟ್ಯಾಲಿ ಪ್ರೈಮ್ ಬಳಸುವವರು ಆಲ್ಟ್ ಮತ್ತು ವೈ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆಯುವ ಪಟ್ಟಿಯಲ್ಲಿ ಬ್ಯಾಕಪ್ ಆಯ್ದುಕೊಂಡರೆ ಸಾಕು. ನಕಲು ಅದೇ ಡಿಸ್ಕಿನಲ್ಲಿ ಉಳಿಯಬಾರದು. ಹೊರಗಿನ ಡಿಸ್ಕಿಗೋ ಪೆನ್ ಡ್ರೈವಿಗೋ ಹೋಗಬೇಕು. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಚೇರಿಯಿಂದ ಹೊರಗೆ: ಗಣಕ ಕ್ಷೇತ್ರದಲ್ಲಿ ಬಹುಕಾಲದಿಂದ ಒಪ್ಪಿತವಾದ ನಿಯಮವಿದು. ಇ-ವೇ ಬಿಲ್‌ಗಳ ಪ್ರತಿಗಳು, ಬ್ಯಾಂಕಿನ ವಿವರಗಳು, ನೇಕಾರರ ಲೆಕ್ಕ, ಸೀರೆಯ ವಿನ್ಯಾಸದ ಕಡತಗಳು ಲೆಕ್ಕಪತ್ರ ತಂತ್ರಾಂಶದ ಹೊರಗಿರುತ್ತವೆ, ಅವನ್ನೂ ಮರೆಯಬಾರದು.

ವಿಳಂಬ ಒಂದಲ್ಲ, ಎರಡು

ಗುಂಡಿ ಒತ್ತಿದ ಕ್ಷಣದಿಂದ ಕೆಲಸ ಆರಂಭಿಸುವ ಕ್ಷಣದವರೆಗಿನ ಕಾಲವನ್ನು ಎರಡು ಭಾಗಗಳಾಗಿ ನೋಡಬೇಕು. ಮೊದಲ ಭಾಗದಲ್ಲಿ ಯಂತ್ರದ ಮೂಲ ಫಲಕದಲ್ಲಿರುವ ಬಯಾಸ್ ತಂತ್ರಾಂಶವು ಸ್ಮರಣೆ, ಕೀಲಿಮಣೆ, ಡಿಸ್ಕ್ ಮುಂತಾದವನ್ನು ಪರೀಕ್ಷಿಸುತ್ತದೆ. ಅನಂತರ ವಿಂಡೋಸ್‌ನ ತಿರುಳು ಸ್ಮರಣೆಗೆ ಬರುತ್ತದೆ. ಮುದ್ರಕ, ಜಾಲ ಮೊದಲಾದವುಗಳ ಚಾಲಕ ತಂತ್ರಾಂಶಗಳು ಏಳುತ್ತವೆ. ಕೊನೆಗೆ ಡೆಸ್ಕ್‌ಟಾಪ್ ಪರದೆ ಕಾಣುತ್ತದೆ. ಎರಡನೆಯ ಭಾಗ ಇಲ್ಲಿಂದ ಆರಂಭ. ಪರದೆ ಕಂಡರೂ ತೆರೆಮರೆಯಲ್ಲಿ ಹತ್ತಾರು ತಂತ್ರಾಂಶಗಳು ಒಟ್ಟಿಗೆ ಏಳಲು ಹವಣಿಸುತ್ತಿರುತ್ತವೆ. ಮೌಸ್ ಅಲುಗುತ್ತದೆ, ಆದರೆ ಒತ್ತಿದ ಚಿಹ್ನೆ ತೆರೆಯುವುದಿಲ್ಲ.

ಅಂಗಡಿಯ ಉದಾಹರಣೆ ಇಲ್ಲಿ ಹೊಂದುತ್ತದೆ. ಬೀಗ ತುಕ್ಕು ಹಿಡಿದು ಬಾಗಿಲು ತೆರೆಯದಿರುವುದು ಒಂದು ತೊಂದರೆ. ಬಾಗಿಲು ತೆರೆದರೂ ಗುಮಾಸ್ತರೆಲ್ಲ ಒಂದೇ ಓಣಿಯಲ್ಲಿ ನೂಕಾಡಿ ಗಿರಾಕಿಗೆ ದಾರಿಯಿಲ್ಲದಿರುವುದು ಇನ್ನೊಂದು. ಮೊದಲನೆಯದಕ್ಕೆ ಬೀಗ ನೋಡಬೇಕು, ಎರಡನೆಯದಕ್ಕೆ ಜನರನ್ನು ಕಡಮೆ ಮಾಡಬೇಕು. ಇವೆರಡನ್ನು ಬೆರೆಸಿದರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಅಳತೆಯ ವಿಧಾನ

ಗಡಿಯಾರ ಮತ್ತು ಕಾಗದ ಸಾಕು. ಮೂರು ಬೆಳಗ್ಗೆ, ಗುಂಡಿ ಒತ್ತಿದ್ದರಿಂದ ಪರದೆ ಮೂಡುವವರೆಗಿನ ಕಾಲವನ್ನೂ, ಪರದೆ ಮೂಡಿದ್ದರಿಂದ ಲೆಕ್ಕಪತ್ರದ ತಂತ್ರಾಂಶ ತೆರೆಯುವವರೆಗಿನ ಕಾಲವನ್ನೂ ಬೇರೆ ಬೇರೆ ಬರೆದಿಡಬೇಕು. ಗುಪ್ತಪದ ಬೆರಳಚ್ಚಿಸುವ ಹೊತ್ತನ್ನು ಕಳೆಯಬೇಕು. ಒಂದೇ ದಿನದ ಅಳತೆ ನಂಬತಕ್ಕದ್ದಲ್ಲ. ಆ ದಿನ ವಿಂಡೋಸ್ ನವೀಕರಣ ನಡೆದಿದ್ದರೆ ಲೆಕ್ಕ ಏರುಪೇರಾಗುತ್ತದೆ.

ಹೆಚ್ಚು ನಿಖರತೆ ಬೇಕೆನ್ನುವವರಿಗೆ ವಿಂಡೋಸ್ ತಾನೇ ಲೆಕ್ಕ ಇಡುತ್ತದೆ. ಈವೆಂಟ್ ವ್ಯೂವರ್ ತೆರೆದು, ಅಪ್ಲಿಕೇಷನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್, ಆಪರೇಷನಲ್ ಎಂಬ ಕ್ರಮದಲ್ಲಿ ಹೋದರೆ 100 ಎಂಬ ಸಂಖ್ಯೆಯ ದಾಖಲೆಗಳು ಕಾಣುತ್ತವೆ. ಅದರ ವಿವರದಲ್ಲಿ ಮೇನ್‌ಪಾತ್ ಬೂಟ್‌ಟೈಮ್ ಎಂಬುದು ಪರದೆ ಮೂಡುವವರೆಗಿನ ಕಾಲ. ಬೂಟ್ ಪೋಸ್ಟ್‌ಬೂಟ್ ಟೈಮ್ ಎಂಬುದು ಪರದೆ ಮೂಡಿದ ಮೇಲೆ ಯಂತ್ರ ಬಿಡುವಾಗುವವರೆಗಿನ ಕಾಲ. ಎರಡೂ ಮಿಲಿಸೆಕೆಂಡುಗಳಲ್ಲಿರುತ್ತವೆ, 60,000 ಎಂದಿದ್ದರೆ ಒಂದು ನಿಮಿಷ. ಬಯಾಸ್ ತೆಗೆದುಕೊಂಡ ಹೊತ್ತು ಇದರಲ್ಲಿ ಸೇರಿಲ್ಲ. ಅದೇ ಪಟ್ಟಿಯ 101ನೇ ಸಂಖ್ಯೆ ತಡಮಾಡಿದ ತಂತ್ರಾಂಶವನ್ನು, 102 ಚಾಲಕವನ್ನು, 103 ಸೇವೆಯನ್ನು ಹೆಸರಿಸುತ್ತವೆ. ಅಪರಾಧಿಯ ಹೆಸರೇ ಸಿಕ್ಕಿದ ಮೇಲೆ ಊಹೆಗೆ ಅವಕಾಶವಿಲ್ಲ.

ಪರದೆ ಮೂಡುವ ಮುನ್ನ ತಡವಾದರೆ

ತಯಾರಕರ ಲಾಂಛನವೇ ಬಹಳ ಹೊತ್ತು ನಿಂತಿದ್ದರೆ ದೋಷ ವಿಂಡೋಸ್‌ನದಲ್ಲ. ಇತ್ತೀಚಿನ ಅನೇಕ ಯಂತ್ರಗಳಲ್ಲಿ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದ ಮೇಲ್ತುದಿಯಲ್ಲಿ ಬಯಾಸ್ ತೆಗೆದುಕೊಂಡ ಕಾಲ ಸೆಕೆಂಡುಗಳಲ್ಲಿ ಕಾಣುತ್ತದೆ. ಅದು ಹೆಚ್ಚಿದ್ದರೆ ಪೆನ್ ಡ್ರೈವ್, ಹೊರಗಿನ ಡಿಸ್ಕ್, ಮುದ್ರಕಗಳನ್ನೆಲ್ಲ ಬಿಚ್ಚಿ ಮತ್ತೆ ಆರಂಭಿಸಿ ನೋಡಬೇಕು. ಯಂತ್ರವು ಮೊದಲು ಪೆನ್ ಡ್ರೈವಿನಲ್ಲೋ ಜಾಲದಲ್ಲೋ ವಿಂಡೋಸ್ ಹುಡುಕುವಂತೆ ಕ್ರಮ ಏರ್ಪಟ್ಟಿದ್ದರೆ, ಬಯಾಸ್‌ನಲ್ಲಿ ಒಳಗಿನ ಡಿಸ್ಕನ್ನು ಮೊದಲ ಸ್ಥಾನಕ್ಕೆ ತರಬೇಕು.

ಪ್ರತಿ ಬೆಳಗ್ಗೆ ದಿನಾಂಕ ಹಿಂದಕ್ಕೆ ಹೋಗಿರುತ್ತದೆಯೇ? ಹಾಗಿದ್ದರೆ ಮೂಲ ಫಲಕದ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿರುವ ಸಂಭವ ಹೆಚ್ಚು. ಇದರಿಂದ ಬಯಾಸ್‌ನ ಏರ್ಪಾಡುಗಳು ಅಳಿದು, ಯಂತ್ರವು ನಡುವೆ ನಿಂತು ಒಂದು ಕೀಲಿ ಒತ್ತುವಂತೆ ಕೇಳುತ್ತದೆ. ದಿನಾಂಕ ತಪ್ಪಿದ್ದರೆ ತೆರಿಗೆ ಮತ್ತು ಬ್ಯಾಂಕ್ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳನ್ನು ಬ್ರೌಸರ್ ಒಪ್ಪುವುದಿಲ್ಲ. "ತಾಣ ತೆರೆಯುತ್ತಿಲ್ಲ" ಎಂಬ ದೂರಿನ ಮೂಲ ಕೆಲವೊಮ್ಮೆ ಈ ಪುಟ್ಟ ಬ್ಯಾಟರಿಯಲ್ಲಿರುತ್ತದೆ. ಅದನ್ನು ಬದಲಿಸುವುದಕ್ಕೆ ದೊಡ್ಡ ಖರ್ಚಿಲ್ಲ.

ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವೂ ಗಮನಾರ್ಹ. ಇದು ಚಾಲ್ತಿಯಲ್ಲಿದ್ದಾಗ ಯಂತ್ರವನ್ನು ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ತಿರುಳು ಪೂರ್ತಿ ಮುಚ್ಚದೆ ಡಿಸ್ಕಿನಲ್ಲಿ ಉಳಿಯುತ್ತದೆ. ಮರುದಿನ ಅಲ್ಲಿಂದಲೇ ಎದ್ದೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ರೀಸ್ಟಾರ್ಟ್ ಮಾಡಿದಾಗ ಸರಿಯಾಗಿದ್ದು, ಬೆಳಗ್ಗೆ ತೆರೆದಾಗ ಮಾತ್ರ ತಡವಾಗುತ್ತಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿ ಕೆಲವು ದಿನ ಪರೀಕ್ಷಿಸಬಹುದು.

ಪರದೆ ಮೂಡಿದ ಮೇಲೆ ತಡವಾದರೆ

ಇಲ್ಲಿ ಮೊದಲು ಶಂಕಿಸಬೇಕಾದುದು ತಾವಾಗಿ ಏಳುವ ತಂತ್ರಾಂಶಗಳನ್ನು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟಪ್ ಪುಟದಲ್ಲಿ ಪ್ರತಿ ತಂತ್ರಾಂಶದ ಎದುರು ಅದರ ಪ್ರಭಾವ ಹೈ, ಮೀಡಿಯಂ ಅಥವಾ ಲೋ ಎಂದು ಬರೆದಿರುತ್ತದೆ. ಸಂಗೀತ, ಸಂದೇಶ, ವಿಡಿಯೋ ಸಭೆ, ಮೊಬೈಲ್ ಜೋಡಣೆ, ಹಳೆಯ ಮುದ್ರಕದ ಸಹಾಯಕ ತಂತ್ರಾಂಶ ಇತ್ಯಾದಿಗಳು ಬೆಳಗ್ಗೆ ತಾವಾಗಿ ಏಳಬೇಕಾದ ಅಗತ್ಯವಿಲ್ಲ. ಅವನ್ನು ಡಿಸೇಬಲ್ ಮಾಡಿದರೆ ತಂತ್ರಾಂಶ ಅಳಿಯುವುದಿಲ್ಲ. ಬೇಕಾದಾಗ ಕೈಯಿಂದ ತೆರೆಯಬಹುದು, ತಪ್ಪಾಯಿತೆನಿಸಿದರೆ ಅದೇ ಪುಟದಲ್ಲಿ ಮರಳಿ ಚಾಲನೆಗೊಳಿಸಬಹುದು.

ಆದರೆ ಕೆಲವನ್ನು ಮುಟ್ಟಬಾರದು. ವೈರಸ್ ನಿರೋಧಕ, ನುಡಿ ಅಥವಾ ಬರಹದಂಥ ಕನ್ನಡ ಕೀಲಿಮಣೆ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್‌ಗೆ ಸಂಬಂಧಿಸಿದ ತಂತ್ರಾಂಶ ಇವನ್ನು ಬಲ್ಲವರನ್ನು ಕೇಳದೆ ನಿಲ್ಲಿಸಿದರೆ ಮಧ್ಯಾಹ್ನದ ಹೊತ್ತಿಗೆ ಬೇರೊಂದು ತೊಂದರೆ ಎದುರಾಗುತ್ತದೆ.

ಎರಡನೆಯ ಕಾರಣ ಎರಡು ವೈರಸ್ ನಿರೋಧಕಗಳ ಪೈಪೋಟಿ. ಯಂತ್ರದೊಡನೆ ಬಂದು ಅವಧಿ ಮುಗಿದ ಒಂದು, ಅನಂತರ ಹಾಕಿಸಿದ ಇನ್ನೊಂದು, ಎರಡೂ ಪ್ರತಿ ಕಡತವನ್ನು ತಪಾಸಣೆ ಮಾಡತೊಡಗಿದರೆ ಕೆಲಸ ನಿಲ್ಲುತ್ತದೆ. ವಿಂಡೋಸ್ 8 ಮತ್ತು ಅನಂತರದ ಆವೃತ್ತಿಗಳಲ್ಲಿ ಡಿಫೆಂಡರ್ ಅಂತರ್ಗತವಾಗಿದ್ದು, ಇನ್ನೊಂದು ನಿರೋಧಕ ಬಂದಾಗ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ. ಹೊರಗಿನ ನಿರೋಧಕಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಪೂರ್ತಿ ತೆಗೆದುಹಾಕಬೇಕು.

ಮೂರನೆಯದು ಕಚೇರಿಯೊಳಗಿನ ಜಾಲ. ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕಪತ್ರದ ಕಡತಗಳು ಮಾಲೀಕರ ಕೊಠಡಿಯ ಮುಖ್ಯ ಯಂತ್ರದಲ್ಲಿದ್ದು, ತೂಕದ ಸೇತುವೆಯ ಬಳಿಯ ಯಂತ್ರ ಅದಕ್ಕೆ ಜೋಡಿಸಲ್ಪಟ್ಟಿದೆ ಎಂದಿಟ್ಟುಕೊಳ್ಳಬಹುದು. ತೂಕದವನು ಮೊದಲು ಬಂದು ತನ್ನ ಯಂತ್ರ ತೆರೆದರೆ, ಅದು ಇನ್ನೂ ಎಚ್ಚರಗೊಳ್ಳದ ಮುಖ್ಯ ಯಂತ್ರವನ್ನು ಹುಡುಕುತ್ತ ಕಾಯುತ್ತದೆ. ಇಲ್ಲಿ ದೋಷ ಯಂತ್ರದ್ದಲ್ಲ, ಕ್ರಮದ್ದು. ಮುಖ್ಯ ಯಂತ್ರವನ್ನು ಮೊದಲು ತೆರೆಯುವ ಪದ್ಧತಿ ಇಟ್ಟುಕೊಂಡರೆ ಸಮಸ್ಯೆ ತಾನಾಗಿ ನಿವಾರಣೆಯಾಗುತ್ತದೆ. ಎಂದೋ ಮಾರಿದ ಯಂತ್ರದ ಡ್ರೈವ್, ಈಗಿಲ್ಲದ ಮುದ್ರಕ ಇವುಗಳ ಹಳೆಯ ಜೋಡಣೆಗಳು ಉಳಿದಿದ್ದರೆ ತೆಗೆದುಹಾಕಬೇಕು.

ಅಪರಾಧಿ ಇನ್ನೂ ಸಿಗದಿದ್ದರೆ ಅರ್ಧ ಮಾಡುವ ವಿಧಾನವಿದೆ. ಎಂಎಸ್‌ಕಾನ್ಫಿಗ್ ಎಂಬ ಸೌಲಭ್ಯದ ಸರ್ವಿಸಸ್ ಪುಟದಲ್ಲಿ ಮೈಕ್ರೋಸಾಫ್ಟ್‌ನ ಸೇವೆಗಳನ್ನು ಕಾಣದಂತೆ ಮರೆಮಾಡುವ ಆಯ್ಕೆ ಒತ್ತಿದ ಮೇಲೆ ಉಳಿದವು 16 ಎಂದಾದರೆ, ಅವುಗಳಲ್ಲಿ 8ನ್ನು ನಿಲ್ಲಿಸಿ ಯಂತ್ರವನ್ನು ಮತ್ತೆ ಆರಂಭಿಸಬೇಕು. ವೇಗ ಹೆಚ್ಚಿದರೆ ದೋಷ ನಿಲ್ಲಿಸಿದ 8ರಲ್ಲಿದೆ. ಇಲ್ಲದಿದ್ದರೆ ಉಳಿದ 8ರಲ್ಲಿದೆ. ಹೀಗೆ 4, 2, 1 ಎಂದು ಇಳಿಸುತ್ತ ಹೋದರೆ ನಾಲ್ಕೇ ಪ್ರಯತ್ನಗಳಲ್ಲಿ ಒಂದು ಹೆಸರು ಉಳಿಯುತ್ತದೆ. ಅನಂತರ ನಿರಪರಾಧಿ ಸೇವೆಗಳನ್ನೆಲ್ಲ ಮರಳಿ ಚಾಲನೆಗೆ ತರಬೇಕು. ನೇಕಾರನು ಸೀರೆಯಲ್ಲಿ ದೋಷ ಕಂಡಾಗ ಮಗ್ಗವನ್ನೇ ಬಿಚ್ಚುವುದಿಲ್ಲ, ಕಡಿದ ಎಳೆಯನ್ನು ಹುಡುಕುತ್ತಾನೆ. ಇಲ್ಲಿಯೂ ಅದೇ ತಾಳ್ಮೆ ಬೇಕು.

ಎರಡೂ ಭಾಗಗಳು ನಿಧಾನವಾಗಿದ್ದರೆ

ಮೊದಲ ಭಾಗವೂ ಎರಡನೆಯ ಭಾಗವೂ ಸಮನಾಗಿ ಎಳೆಯುತ್ತಿದ್ದರೆ ಶಂಕೆ ಡಿಸ್ಕ್ ಮತ್ತು ಸ್ಮರಣೆಯ ಕಡೆಗೆ ತಿರುಗುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಲೋಹದ ಲೇಪವಿರುವ ತಟ್ಟೆಗಳು ತಿರುಗುತ್ತವೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.33 ಮಿಲಿಸೆಕೆಂಡು ಬೇಕು. ಬೇಕಾದ ಸ್ಥಳ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧ. ಮುಳ್ಳು ಅತ್ತಿತ್ತ ಸರಿಯುವ ಹೊತ್ತು ಸೇರಿದರೆ ಅಲ್ಲಲ್ಲಿ ಚದುರಿದ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಬಾರಿ ಮಾತ್ರ ಓದಲು ಸಾಧ್ಯ. ಹತ್ತು ಗಿರಾಕಿಗಳಿಗೆ ಒಬ್ಬನೇ ಹಮಾಲಿ ಗೋದಾಮಿನ ಮೂಲೆಮೂಲೆಯಿಂದ ಒಂದೊಂದೇ ಚೀಲ ತಂದುಕೊಡುವ ಸ್ಥಿತಿ ಇದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದಿರುವುದರಿಂದ ಇದೇ ಕೆಲಸ ಸೆಕೆಂಡಿಗೆ ಸಾವಿರಾರು ಬಾರಿ ನಡೆಯುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಬೆಳಗ್ಗೆ ಡಿಸ್ಕ್ ಬಳಕೆ ಬಹಳ ಹೊತ್ತು ಶೇ. 100 ತೋರಿಸಿ, ಪ್ರೊಸೆಸರ್ ಬಿಡುವಾಗಿದ್ದರೆ ಡಿಸ್ಕೇ ಅಡಚಣೆಯೆಂದು ತಿಳಿಯಬಹುದು. ಅದರೊಡನೆ ಸ್ಮರಣೆಯೂ ತುಂಬಿದ್ದರೆ ಯಂತ್ರವು ಡಿಸ್ಕನ್ನೇ ಸ್ಮರಣೆಯಾಗಿ ಬಳಸುತ್ತಿರುತ್ತದೆ. ಆಗ ಸ್ಮರಣೆಯನ್ನು 4 ಜಿಬಿಯಿಂದ 8 ಜಿಬಿಗೆ ಏರಿಸುವುದು ಉಪಯುಕ್ತ.

ಡಿಸ್ಕಿನ ಆರೋಗ್ಯವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವು ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟ ಲೆಕ್ಕವನ್ನು ಓದಿ ಹೇಳುತ್ತದೆ. ಅದರಲ್ಲಿ ಎಚ್ಚರಿಕೆಯ ಸೂಚನೆ ಬಂದರೆ, ಅಥವಾ ಈವೆಂಟ್ ವ್ಯೂವರ್‌ನ ಸಿಸ್ಟಮ್ ಪುಟದಲ್ಲಿ ಡಿಸ್ಕ್ ಎಂಬ ಮೂಲದಿಂದ 7 ಮತ್ತು 153ನೇ ಸಂಖ್ಯೆಯ ದಾಖಲೆಗಳು ಪದೇ ಪದೇ ಕಂಡರೆ, ಅಥವಾ ಡಿಸ್ಕಿನಿಂದ ಟಕ್ ಟಕ್ ಸದ್ದು ಕೇಳಿದರೆ, ವೇಗದ ಯೋಚನೆ ಬಿಟ್ಟು ಆ ದಿನವೇ ಡಿಸ್ಕ್ ಬದಲಿಸುವ ಏರ್ಪಾಡು ಮಾಡಬೇಕು. ಹೊಸದಕ್ಕೆ ಎಲ್ಲವನ್ನೂ ವರ್ಗಾಯಿಸಿದ ಮೇಲೂ ಹಳೆಯ ಡಿಸ್ಕನ್ನು ಮಾರದೆ, ಅಳಿಸದೆ ಕೆಲವು ತಿಂಗಳು ಕಪಾಟಿನಲ್ಲಿಡುವುದು ಲೇಸು.

ವಿದ್ಯುತ್ತು, ಧೂಳು, ಬಿಸಿಲು

ಬಯಲುಸೀಮೆಯ ಈ ಎರಡು ತಾಲ್ಲೂಕುಗಳಲ್ಲಿ ಮಳೆ ಕಡಮೆ, ಬಿಸಿಲು ಮತ್ತು ಧೂಳು ಹೆಚ್ಚು. ಶೇಂಗಾ ಸಿಪ್ಪೆಯ ಹುಡಿ ಎಣ್ಣೆಯ ಜಿಡ್ಡಿನೊಡನೆ ಬೆರೆತರೆ ಯಂತ್ರದ ಒಳಗಿನ ಫ್ಯಾನಿಗೆ ಅಂಟಿಕೊಳ್ಳುತ್ತದೆ. ಗಾಳಿಯಾಡದೆ ಪ್ರೊಸೆಸರ್ ಕಾದಾಗ ಅದು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಗಿರಣಿಯ ಆವರಣದಲ್ಲಿರುವ ಯಂತ್ರವನ್ನು ಮೂರು ತಿಂಗಳಿಗೊಮ್ಮೆಯಾದರೂ ವಿದ್ಯುತ್ ಸಂಪರ್ಕ ತೆಗೆದು, ಒಳಗನ್ನು ಗಾಳಿಯೂದಿ ಸ್ವಚ್ಛಗೊಳಿಸಬೇಕು. ಯಂತ್ರವನ್ನು ನೆಲದ ಮೇಲಿಡದೆ, ಗೋಡೆಗೆ ಒತ್ತರಿಸದೆ ಇಡಬೇಕು.

ವಿದ್ಯುತ್ ಹಠಾತ್ತನೆ ಹೋದಾಗ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ಬಾರಿ ವಿಂಡೋಸ್ ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸಲು ತೊಡಗಬಹುದು. ಆಗ ತಡವಾಗುವುದು ಸಹಜ, ಅದನ್ನು ನಡುವೆ ನಿಲ್ಲಿಸಬಾರದು. ಇದು ಪದೇ ಪದೇ ನಡೆಯುತ್ತಿದ್ದರೆ ಯುಪಿಎಸ್ ಬ್ಯಾಟರಿಯನ್ನು ನೋಡಬೇಕು. ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಬ್ಯಾಟರಿಯಲ್ಲಿ ಶಕ್ತಿಯಿದೆ ಎಂದಲ್ಲ. ಕೆಲಸ ಮುಗಿದ ಮೇಲೆ, ಕಡತಗಳನ್ನೆಲ್ಲ ಮುಚ್ಚಿ, ಯುಪಿಎಸ್‌ಗೆ ಬರುವ ವಿದ್ಯುತ್ತನ್ನು ನಿಲ್ಲಿಸಿ ಯಂತ್ರ ಎಷ್ಟು ನಿಮಿಷ ನಡೆಯುತ್ತದೆಂದು ಪರೀಕ್ಷಿಸಬಹುದು.

ಮಾಡಬಾರದ ಕೆಲಸಗಳು

ವೇಗ ಹೆಚ್ಚಿಸುತ್ತೇವೆಂದು ಅಂತರಜಾಲದಲ್ಲಿ ಜಾಹೀರಾತು ನೀಡುವ ತಂತ್ರಾಂಶಗಳನ್ನು ಹಾಕಿಸಬಾರದು. ಅವೂ ಬೆಳಗ್ಗೆ ತಾವಾಗಿ ಏಳುವವರ ಗುಂಪಿಗೇ ಸೇರುತ್ತವೆ. ಪರವಾನಗಿಯಿಲ್ಲದ ನಕಲಿ ತಂತ್ರಾಂಶ ಹಾಕುವಾಗ ವೈರಸ್ ನಿರೋಧಕವನ್ನು ನಿಲ್ಲಿಸುವಂತೆ ಕೇಳಲಾಗುತ್ತದೆ. ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆಯೇ ಸರಿ. ನವೀಕರಣದಿಂದ ತಡವಾಗುತ್ತದೆಂದು ಅದನ್ನು ಶಾಶ್ವತವಾಗಿ ನಿಲ್ಲಿಸುವುದೂ ಅಪಾಯ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ಹಾವಳಿಯು ನವೀಕರಣ ಪಡೆಯದ ಯಂತ್ರಗಳನ್ನೇ ಹಿಡಿದಿತ್ತು.

ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮರಣೆ, 64 ಜಿಬಿ ಸಂಗ್ರಹ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಇವಿಲ್ಲದ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ವೇಗ ಬರುತ್ತದೆ, ಭದ್ರತೆ ಬರುವುದಿಲ್ಲ. ತೆರಿಗೆ ಮತ್ತು ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರದ ವಿಷಯದಲ್ಲಿ ಈ ವ್ಯತ್ಯಾಸವನ್ನು ಮನಗಂಡು ಹಣ ಹಾಕಬೇಕು.

ಖರ್ಚಿನ ಕ್ರಮ

ಸಂಕ್ಷೇಪವಾಗಿ ಹೇಳುವುದಾದರೆ ಕ್ರಮ ಹೀಗಿರತಕ್ಕದ್ದು. ಮೊದಲು ನಕಲು, ಅನಂತರ ಮೂರು ದಿನದ ಅಳತೆ. ಡಿಸ್ಕಿನ ಆರೋಗ್ಯ ಪರೀಕ್ಷೆ ಮೂರನೆಯದು. ಅಲ್ಲಿ ದೋಷ ಕಂಡರೆ ಮುಂದಿನ ಹಂತಗಳನ್ನು ಬಿಟ್ಟು ಡಿಸ್ಕ್ ಬದಲಿಸಬೇಕು. ಡಿಸ್ಕ್ ಸರಿಯಿದ್ದರೆ ತಾವಾಗಿ ಏಳುವ ತಂತ್ರಾಂಶಗಳು, ಎರಡನೆಯ ವೈರಸ್ ನಿರೋಧಕ, ಸತ್ತ ಜಾಲ ಜೋಡಣೆಗಳು, ಧೂಳು: ಇವಕ್ಕೆ ಖರ್ಚಿಲ್ಲ. ಬಳಿಕ ಬ್ಯಾಟರಿ, ಎಸ್‌ಎಸ್‌ಡಿ, ಸ್ಮರಣೆ. ಹೊಸ ಯಂತ್ರ ಕೊನೆಯದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆದು, ಫಲವನ್ನು ಅದೇ ಕಾಗದದಲ್ಲಿ ಬರೆಯಬೇಕು. ದುರಸ್ತಿಯವರನ್ನು ಕರೆಸಿದಾಗ ಆ ಕಾಗದವನ್ನು ಅವರ ಮುಂದಿಟ್ಟರೆ, ಫಾರ್ಮ್ಯಾಟ್ ಮಾಡುವ ಸಲಹೆಗೆ ಕಾರಣವನ್ನು ಕೇಳಬಹುದು.

ಈ ಪರೀಕ್ಷೆಗಳನ್ನು 11ನೇ ಅಥವಾ 20ನೇ ತಾರೀಖಿನ ಹಿಂದಿನ ದಿನ ಕೈಗೊಳ್ಳಬಾರದು. ವಿವರಪಟ್ಟಿ ಸಲ್ಲಿಕೆ ಮುಗಿದ ತಿಂಗಳ ಕೊನೆಯ ವಾರದಲ್ಲಿ, ಮಾರುಕಟ್ಟೆಗೆ ಆವಕ ಕಡಮೆಯಿರುವ ದಿನವನ್ನು ಆರಿಸಿಕೊಂಡರೆ ವ್ಯವಹಾರಕ್ಕೆ ತೊಡಕಾಗದು.